ಪೆಟ್ಟಿಗೆಯ ಮೇಲೆ ಬರೆದಿದ್ದ 15

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ರವಾನೆ ವಿಭಾಗವನ್ನು ನೋಡಿಕೊಳ್ಳುತ್ತೇನೆ. ನಾವು ತಯಾರಿಸುವುದು ಕೈಗಾರಿಕೆಗಳಿಗೆ ಬೇಕಾದ ಅಂಟು. ಅಂಟು ಎಂದಕೂಡಲೇ ಮಕ್ಕಳು ಕಾಗದ ಅಂಟಿಸುವ ಗೋಂದು ನೆನಪಾಗುವುದರಿಂದ ಅದರಲ್ಲಿ ಅಪಾಯವೇನಿದೆ ಎಂದು ಹಲವರು ಕೇಳುತ್ತಾರೆ. ಆದರೆ ನಮ್ಮ ಅಂಟನ್ನು ತೆಳುವಾಗಿಸಲು ಬಳಸುವ ಟೊಲುವೀನ್ ಮತ್ತು ಅಸಿಟೋನ್ ಎಂಥ ಚಳಿಗಾಲದ ಬೆಳಗಿನಲ್ಲೂ ಆವಿಯಾಗುತ್ತವೆ. ಆ ಆವಿಗೆ ಒಂದು ಕಿಡಿ ತಾಗಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಆದ್ದರಿಂದ ಸಾಗಣೆಯ ನಿಯಮಗಳ ಲೆಕ್ಕದಲ್ಲಿ ಅದು ವಿಶ್ವಸಂಸ್ಥೆಯ ಅಪಾಯಕಾರಿ ವಸ್ತುಗಳ ಪಟ್ಟಿಯ ಸಂಖ್ಯೆಯಂತೆ ಯುಎನ್ 1133, ಮೂರನೆಯ ವರ್ಗ, ಅಂದರೆ ಬೇಗನೆ ಬೆಂಕಿ ಹತ್ತುವ ದ್ರವ. ಒಂದು ಲೀಟರಿನ ಡಬ್ಬಿಯೇ ಆಗಲಿ, ಇನ್ನೂರು ಲೀಟರಿನ ಡ್ರಮ್ಮೇ ಆಗಲಿ, ನಮ್ಮ ಗೇಟು ದಾಟಿದ ಕ್ಷಣದಿಂದ ಅದು ಅಪಾಯಕಾರಿ ಸರಕು.

2022ರ ಕೊನೆಯಲ್ಲಿ ಜರ್ಮನಿಯ ಗ್ರಾಹಕರೊಬ್ಬರಿಗೆ ಮಾದರಿಯೆಂದು ಕಳುಹಿಸಿದ ಒಂದು ಪೆಟ್ಟಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹಿಂದಿರುಗಿ ಬಂತು. ಸರಕನ್ನು ಸ್ವೀಕರಿಸುವ ಕೌಂಟರಿನಲ್ಲಿ ಒಂದು ತಪಾಸಣಾ ಪಟ್ಟಿ ಇರುತ್ತದೆ. ಅದರ ಅಷ್ಟೂ ಪ್ರಶ್ನೆಗಳಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಿದ್ದರೂ ಸರಕು ಮುಂದೆ ಹೋಗುವುದಿಲ್ಲ. ನಮ್ಮ ಘೋಷಣಾ ಪತ್ರದಲ್ಲಿ ದೋಷವಿರಲಿಲ್ಲ. ವಸ್ತುವಿನ ಹೆಸರು, ವರ್ಗ, ಪ್ರಮಾಣ 14 ಲೀಟರ್, ಸರಕು ವಿಮಾನದಲ್ಲಿ ಮಾತ್ರ ಸಾಗಿಸಬೇಕೆಂಬ ಸೂಚನೆ, ಎಲ್ಲವೂ ಸರಿಯಾಗಿದ್ದವು. ದೋಷವಿದ್ದದ್ದು ತಕ್ಕಡಿಯ ಮೇಲೆ. ಪೆಟ್ಟಿಗೆ 16.4 ಕಿಲೋ ತೂಗಿತು, ಅದರ ಮೈಮೇಲೆ ಮುದ್ರಿಸಿದ್ದ ಗುರುತು 4ಜಿ/ವೈ15/ಎಸ್ ಎಂದಿತ್ತು. ಈ ಪೆಟ್ಟಿಗೆಯನ್ನು ಬೀಳಿಸಿ, ಒಂದರ ಮೇಲೊಂದು ಪೇರಿಸಿ ಪರೀಕ್ಷಿಸಿರುವುದು ಒಟ್ಟು 15 ಕಿಲೋ ತೂಕಕ್ಕೆ, ಅದಕ್ಕಿಂತ ಹೆಚ್ಚು ತುಂಬಬೇಡಿ ಎಂದು ಅದು ಹೇಳುತ್ತಿತ್ತು. ಹನ್ನೆರಡು ಡಬ್ಬಿಗಳ ಪೆಟ್ಟಿಗೆ ಅದು. ಗ್ರಾಹಕರು ಇನ್ನೆರಡು ಮಾದರಿ ಬೇಕೆಂದಾಗ ನಮ್ಮವರು ನಡುವಿನ ತುಂಬುವಸ್ತುವನ್ನು ಸ್ವಲ್ಪ ತೆಗೆದು, ಜಾಗ ಮಾಡಿ, ಎರಡು ಡಬ್ಬಿಗಳನ್ನು ಜಾಣತನದಿಂದಲೇ ಕೂರಿಸಿದ್ದರು.

ಪ್ಯಾಕಿಂಗ್ ವಿಭಾಗದಲ್ಲಿ ಹದಿನಾರು ವರ್ಷ ದುಡಿದ, ನಾವೆಲ್ಲ ಅಕ್ಕ ಎಂದೇ ಕರೆಯುವ ಹೆಣ್ಣುಮಗಳಿಗೆ ಆ ಗುರುತನ್ನು ತೋರಿಸಿ ಅರ್ಥ ಹೇಳಿದೆ. ಅವರು ಸ್ವಲ್ಪ ಹೊತ್ತು ಪೆಟ್ಟಿಗೆಯನ್ನೇ ನೋಡಿ, “ಸಾರ್, ಇದು ಪೆಟ್ಟಿಗೆ ಕಂಪನಿಯವರ ನಂಬರು ಅಂದ್ಕೊಂಡಿದ್ದೆ. ತೂಕ ಅಂತ ಗೊತ್ತಿದ್ದಿದ್ರೆ ಆ ಎರಡು ಡಬ್ಬಿ ನಾನೇ ತೆಗೆದಿಡ್ತಿದ್ದೆ” ಎಂದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಆಗ ನಮ್ಮಲ್ಲಿ ಈ ವಿಷಯದ ಪ್ರಮಾಣಪತ್ರ ಪಡೆದಿದ್ದವರು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಹಿರಿಯ ಅಧಿಕಾರಿ ಮಾತ್ರ. ಅವರು ಮೇಲಿನ ಮಹಡಿಯಲ್ಲಿ ಕುಳಿತು ಘೋಷಣಾ ಪತ್ರಕ್ಕೆ ಸಹಿ ಹಾಕುತ್ತಿದ್ದರು. ಪೆಟ್ಟಿಗೆ ಸಿದ್ಧವಾಗುತ್ತಿದ್ದುದು ಕೆಳಗೆ, ಆ ಗುರುತನ್ನು ಓದಲು ಯಾರೂ ಕಲಿಸದವರ ಕೈಯಲ್ಲಿ. ‘ಈ ಸರಕನ್ನು ನಿಯಮದಂತೆ ಪ್ಯಾಕ್ ಮಾಡಲಾಗಿದೆ’ ಎಂದು ಸಹಿ ಹಾಕಿದವರು ಆ ಸರಕನ್ನು ಕಂಡೇ ಇರಲಿಲ್ಲ. ತಪ್ಪು ಅಕ್ಕನದಲ್ಲ, ನಮ್ಮ ವ್ಯವಸ್ಥೆಯದು, ಅದರಲ್ಲಿ ನನ್ನದೂ ಪಾಲಿತ್ತು.

ಭಾರತದಲ್ಲಿ ವಿಮಾನದ ಅಪಾಯಕಾರಿ ಸರಕಿಗೆ 2003ರಲ್ಲಿ ಪ್ರತ್ಯೇಕ ನಿಯಮಗಳೇ ಬಂದಿವೆ. ರವಾನಿಸುವವರು, ಪ್ಯಾಕ್ ಮಾಡುವವರು, ಸ್ವೀಕರಿಸುವವರು, ವಿಮಾನಕ್ಕೆ ಏರಿಸುವವರು ತಮ್ಮ ತಮ್ಮ ಕೆಲಸಕ್ಕೆ ತಕ್ಕ ತರಬೇತಿ ಪಡೆದಿರಬೇಕು, 24 ತಿಂಗಳೊಳಗೆ ಅದನ್ನು ನವೀಕರಿಸಿಕೊಳ್ಳಬೇಕು. ಆ ತರಬೇತಿಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ಮಾನ್ಯತೆ ಪಡೆದ ಕಡೆಯೇ ಪಡೆಯಬೇಕು. 2023ರ ಆರಂಭದಲ್ಲಿ ನಾನು ಅಂಥ ಒಂದು ಸಂಸ್ಥೆಯ ಐದು ದಿನಗಳ ಕೋರ್ಸಿಗೆ ಸೇರಿದೆ.

ಮೊದಲ ದಿನ ಕೈಗೆ ಬಂದದ್ದು ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ ಪ್ರತಿ ವರ್ಷ ಹೊಸದಾಗಿ ಹೊರತರುವ ನಿಯಮಗಳ ದಪ್ಪ ಪುಸ್ತಕ. ಸಾವಿರಕ್ಕೂ ಹೆಚ್ಚು ಪುಟಗಳ ಅದನ್ನು ಕಂಡು ನನಗೆ ಎದೆ ಝಲ್ಲೆಂದಿತು. ಆದರೆ ಬೋಧಕರು ಇದನ್ನು ಬಾಯಿಪಾಠ ಮಾಡುವುದಲ್ಲ, ಇದರಲ್ಲಿ ಹುಡುಕುವುದನ್ನು ಕಲಿಯಬೇಕು ಎಂದರು. ಪರೀಕ್ಷೆಯಲ್ಲೂ ಪುಸ್ತಕ ತೆರೆದುಕೊಂಡೇ ಬರೆಯಬಹುದು. ನೀಲಿ ಬಣ್ಣದ ಪುಟಗಳಲ್ಲಿ ಸಾವಿರಾರು ವಸ್ತುಗಳ ಅಕ್ಷರಾನುಕ್ರಮದ ಪಟ್ಟಿಯಿದೆ. ಹೆಸರಿನ ಎದುರಿನ ಸಾಲನ್ನು ಎಡದಿಂದ ಬಲಕ್ಕೆ ಓದುತ್ತ ಹೋದರೆ ವರ್ಗ ಯಾವುದು, ಅಪಾಯದ ತೀವ್ರತೆ ಎಷ್ಟು, ಪ್ರಯಾಣಿಕರ ವಿಮಾನದಲ್ಲಿ ಒಂದು ಪೆಟ್ಟಿಗೆಗೆ ಎಷ್ಟು ಹಾಕಬಹುದು, ಸರಕು ವಿಮಾನದಲ್ಲಿ ಎಷ್ಟು ಎಂಬುದೆಲ್ಲ ಸಿಗುತ್ತದೆ. ಉದಾಹರಣೆಗೆ ಅಸಿಟೋನ್ ಯುಎನ್ 1090. ಪ್ರಯಾಣಿಕರ ವಿಮಾನದಲ್ಲಿ ಒಂದು ಪೆಟ್ಟಿಗೆಗೆ 5 ಲೀಟರ್, ಸರಕು ವಿಮಾನದಲ್ಲಿ 60 ಲೀಟರ್. ಒಂದು ಸಾಲು ತಪ್ಪಿ ಮೇಲಿನ ಸಾಲಿಗೆ ಕಣ್ಣು ಹಾಯ್ದರೆ ಇಡೀ ಲೆಕ್ಕ ಬೇರೆಯಾಗುತ್ತದೆ. ನಾನು ಅಡಿಪಟ್ಟಿ ಇಟ್ಟು ಓದುವುದನ್ನು ರೂಢಿಸಿಕೊಂಡದ್ದು ಅಲ್ಲಿಯೇ, ಈಗಲೂ ಅಡಿಪಟ್ಟಿ ಇಲ್ಲದೆ ಆ ಪುಸ್ತಕ ತೆರೆಯುವುದಿಲ್ಲ.

ಎರಡನೆಯ ದಿನ ಬೋಧಕರು 1996ರ ಮೇ 11ರ ದುರಂತವನ್ನು ಹೇಳಿದರು. ಅಮೆರಿಕದ ಫ್ಲಾರಿಡಾದಲ್ಲಿ ವಾಲ್ಯೂಜೆಟ್ ಸಂಸ್ಥೆಯ 592ನೆಯ ವಿಮಾನ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಬೆಂಕಿಗೆ ತುತ್ತಾಗಿ ಜೌಗು ಪ್ರದೇಶಕ್ಕೆ ಬಿತ್ತು, ಅದರಲ್ಲಿದ್ದ 110 ಜನರೂ ಸತ್ತರು. ಬೇರೆ ವಿಮಾನಗಳಿಂದ ಬಿಚ್ಚಿದ್ದ, ಅವಧಿ ಮುಗಿದ ಆಮ್ಲಜನಕ ಉತ್ಪಾದಕಗಳನ್ನು, ಅಂದರೆ ತುರ್ತಿನಲ್ಲಿ ಪ್ರಯಾಣಿಕರಿಗೆ ಆಮ್ಲಜನಕ ಕೊಡುವ, ಕೆಲಸ ಮಾಡುವಾಗ ವಿಪರೀತ ಕಾಯುವ ಸಾಧನಗಳನ್ನು, ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಅದರ ಸರಕು ಕೋಣೆಯಲ್ಲಿ ಇಟ್ಟಿದ್ದರು. ಕಾಗದದಲ್ಲಿ ಅವು ‘ಖಾಲಿ’ ಎಂದಿತ್ತು. ಅವು ಖಾಲಿಯಾಗಿರಲಿಲ್ಲ, ಹಾಕಬೇಕಿದ್ದ ಪುಟ್ಟ ಸುರಕ್ಷಾ ಮುಚ್ಚಳಗಳನ್ನು ಹಾಕಿರಲಿಲ್ಲ, ಆದರೆ ಹಾಕಿದ್ದೇವೆ ಎಂಬ ಸಹಿ ಕೆಲಸದ ಕಾರ್ಡಿನಲ್ಲಿ ಬಿದ್ದಿತ್ತು. ಬೋಧಕರು ಇದನ್ನು ಹೇಳಿ ಮುಗಿಸಿದಾಗ ನನ್ನ ಕಣ್ಣೆದುರು ಬಂದದ್ದು ಮೇಲಿನ ಮಹಡಿಯ ಮೇಜು ಮತ್ತು ಕೆಳಗಿನ ಗೋದಾಮು, ಇವೆರಡರ ನಡುವಿನ ಮೆಟ್ಟಿಲು.

ಪರೀಕ್ಷೆಯಲ್ಲಿ ಉತ್ತೀರ್ಣರಾಗಲು ನೂರಕ್ಕೆ 80 ಅಂಕ ಬೇಕಿತ್ತು, ನನಗೆ 91 ಬಂತು. ಆ ಜನವರಿಯಿಂದ ಜಗತ್ತಿನಾದ್ಯಂತ ಈ ತರಬೇತಿಯ ರೀತಿ ಬದಲಾಗಿದ್ದುದು ನನ್ನ ಪಾಲಿಗೆ ಅನುಕೂಲವೇ ಆಯಿತು. ಹಿಂದೆ ಹುದ್ದೆಯ ವರ್ಗ ನೋಡಿ ಪಾಠ ಹಂಚುತ್ತಿದ್ದರು. ಈಗ ಒಬ್ಬ ಮನುಷ್ಯ ದಿನವೂ ಮಾಡುವ ಕೆಲಸ ಯಾವುದು, ಆ ಕೆಲಸವನ್ನು ಅವನು ತಪ್ಪಿಲ್ಲದೆ ಮಾಡಬಲ್ಲನೇ ಎಂದು ನೋಡಬೇಕು, ಹಾಗೆ ನೋಡುವ ಹೊಣೆ ಕೆಲಸ ಕೊಟ್ಟವರದು. ಆಡಳಿತ ಮಂಡಳಿಗೆ ನಾನು ಈ ಮಾತನ್ನೇ ಮುಂದಿಟ್ಟು, ಸಹಿ ಹಾಕುವವರಷ್ಟೇ ಅಲ್ಲ, ವಿಮಾನದ ಪೆಟ್ಟಿಗೆ ಕಟ್ಟುವ ಅಕ್ಕ ಮತ್ತು ರಾಯಚೂರಿನ ಒಬ್ಬ ಹುಡುಗನನ್ನೂ ಕೋರ್ಸಿಗೆ ಕಳುಹಿಸಬೇಕೆಂದು ಕೇಳಿದೆ. ಒಪ್ಪಿದರು. ಕೋರ್ಸಿನ ಪುಸ್ತಕ ಇಂಗ್ಲಿಷಿನಲ್ಲಿತ್ತು. ಅಕ್ಕ ತುರುವೇಕೆರೆ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ಓದಿದವರು. ಅದಕ್ಕಾಗಿ ಎರಡು ತಿಂಗಳು, ವಾರಕ್ಕೆ ಮೂರು ಸಂಜೆ, ಗೋದಾಮಿನಲ್ಲೇ ಕನ್ನಡದಲ್ಲಿ ಪಾಠ ನಡೆಸಲು ನಿಶ್ಚಯಿಸಿದೆ. ಡ್ರಮ್ ಉರುಳಿಸುವವರು, ಲಾರಿಗೆ ಏರಿಸುವವರು, ಚಲನ್ ಬರೆಯುವವರು ಸೇರಿ ಹನ್ನೊಂದು ಜನರಾದರು.

ಮೊದಲ ಸಂಜೆ ಪುಸ್ತಕ ತೆರೆಯಲಿಲ್ಲ. ಪೆಟ್ಟಿಗೆಗಳನ್ನೂ ಡ್ರಮ್ಮುಗಳನ್ನೂ ಸಾಲಾಗಿ ಇಟ್ಟು ಅವುಗಳ ಮೈಮೇಲಿನ ಗುರುತನ್ನು ಓದಿಸಿದೆ. 4ಜಿ ಎಂದರೆ ರಟ್ಟಿನ ಪೆಟ್ಟಿಗೆ. 1ಎ1 ಎಂದರೆ ಮೇಲ್ಭಾಗ ತೆಗೆಯಲಾಗದ ಉಕ್ಕಿನ ಡ್ರಮ್. 3ಎಚ್1 ಎಂದರೆ ಪ್ಲಾಸ್ಟಿಕ್ ಕ್ಯಾನು. ಎಕ್ಸ್ ಎಂಬ ಅಕ್ಷರವಿದ್ದರೆ ಅತಿ ಅಪಾಯದ ವಸ್ತುವಿಗೂ ಆದೀತು, ವೈ ಇದ್ದರೆ ಮಧ್ಯಮ ಮತ್ತು ಕಡಿಮೆ ಅಪಾಯಕ್ಕೆ, ಜೆಡ್ ಇದ್ದರೆ ಕಡಿಮೆ ಅಪಾಯಕ್ಕೆ ಮಾತ್ರ. ಕೊನೆಯಲ್ಲಿ ಬರುವ ಐಎನ್‌ಡಿ ನಮ್ಮ ದೇಶದ ಗುರುತು. ಪ್ಲಾಸ್ಟಿಕ್ ಕ್ಯಾನಿನ ಮೈಮೇಲೆ ಗಡಿಯಾರದ ಮುಖದಂಥ ಒಂದು ಉಬ್ಬು ಚಿತ್ರವಿರುತ್ತದೆ. ಅದರ ಮುಳ್ಳು ತಯಾರಾದ ತಿಂಗಳನ್ನು ತೋರಿಸುತ್ತದೆ, ನಡುವೆ ವರ್ಷವಿರುತ್ತದೆ. ಇಂಥ ಕ್ಯಾನುಗಳನ್ನು ತಯಾರಾದ ದಿನದಿಂದ ಐದು ವರ್ಷ ಮಾತ್ರ ಅಪಾಯಕಾರಿ ದ್ರವಕ್ಕೆ ಬಳಸಬಹುದು ಎಂದು ಹೇಳಿ ಮುಗಿಸುವಷ್ಟರಲ್ಲಿ ರಾಯಚೂರಿನ ಹುಡುಗ ಎದ್ದು ಹೋಗಿ, ಹಿಂದಿನ ಮೂಲೆಯಿಂದ ಮೂರು ಕ್ಯಾನುಗಳನ್ನು ಹೊತ್ತು ತಂದು ನನ್ನ ಮುಂದಿಟ್ಟ. ಮೂರರದ್ದೂ 2016ನೆಯ ಇಸವಿ. ಅಲ್ಲಿದ್ದವರೆಲ್ಲರೂ ದಿನವೂ ಕಾಣುತ್ತಿದ್ದ ಚಿತ್ರವೇ ಅದು.

ಅದೇ ಹುಡುಗ ಇನ್ನೊಂದು ಸಂಜೆ, “ಸರ, ಡಬ್ಬಿ ಪೂರ್ತಿ ತುಂಬಿದ್ರ ಏನಾಗ್ತದ್ರೀ? ಗಿರಾಕಿಗೆ ಒಂಚೂರು ಹೆಚ್ಚ ಹೋಗ್ಲಿ ಅಂತ ಅಂಚಿನ ತನಕ ತುಂಬತೀವಿ” ಎಂದು ಕೇಳಿದ. ಅಳತೆಯಲ್ಲಿ ಕೊರತೆ ಮಾಡಬಾರದು, ಕೊಡುವಾಗ ಕೈ ಬಿಗಿ ಹಿಡಿಯಬಾರದು ಎಂದು ಮನೆಯಲ್ಲಿ ಕಲಿತು ಬಂದವರು ಅವರು. ಆ ಒಳ್ಳೆಯ ಗುಣವೇ ಇಲ್ಲಿ ಅಪಾಯ ತರುತ್ತದೆ ಎಂದು ಹೇಳಲು ನನಗೆ ಕಷ್ಟವಾಯಿತು. ದ್ರವ ಬಿಸಿಯಾದರೆ ಹಿಗ್ಗುತ್ತದೆ. 55 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲೂ ಡಬ್ಬಿಯೊಳಗೆ ಖಾಲಿ ಜಾಗ ಉಳಿದಿರಬೇಕು ಎಂಬುದು ನಿಯಮ, ಬಿಸಿಲಲ್ಲಿ ನಿಂತ ಲಾರಿಯ ಒಳಗನ್ನು ಮುಟ್ಟಿ ನೋಡಿದವರಿಗೆ ಅದು ಏಕೆಂದು ಬಿಡಿಸಿ ಹೇಳಬೇಕಿಲ್ಲ. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುವ ಸಂಗತಿಯನ್ನು ವಿವರಿಸಲು ಹೊರಟಾಗ ಅಕ್ಕನೇ ನೆರವಿಗೆ ಬಂದರು. ಮಡಿಕೇರಿಗೆ ಪ್ರವಾಸ ಹೋದಾಗ ಬಸ್ಸು ಘಾಟಿ ಹತ್ತುತ್ತಿದ್ದಂತೆ ಮಗನ ಕೈಯಲ್ಲಿದ್ದ ಚಿಪ್ಸ್ ಪೊಟ್ಟಣ ಉಬ್ಬಿ ಬಿಗಿಯಾಗಿದ್ದನ್ನು ಅವರು ನೆನಪಿಸಿಕೊಂಡರು. ವಿಮಾನದೊಳಗಿನ ಡಬ್ಬಿಯೂ ಹಾಗೆಯೇ ಹೊರಕ್ಕೆ ಒತ್ತುತ್ತದೆ, ಸಡಿಲ ಮುಚ್ಚಳ ಅಲ್ಲಿ ದಾರಿ ಬಿಡುತ್ತದೆ ಎಂದು ನಾನು ಸೇರಿಸಿದೆ, ಅಷ್ಟೇ.

ಮುಚ್ಚಳ ಹಾಕುವ ಕೆಲಸಕ್ಕೆ ನಾಲ್ಕು ಸಂಜೆಗಳು ಬೇಕಾದವು. ನಮ್ಮ ಒಂದು ಲೀಟರಿನ ಡಬ್ಬಿಗೆ ಒತ್ತಿ ಕೂರಿಸುವ ಮುಚ್ಚಳವಿದೆ. ಅದರ ಅಂಚಿನ ಸುತ್ತಲಿನ ಕಾಲುವೆಯಲ್ಲಿ ಒಂದು ಹನಿ ಅಂಟು ಒಣಗಿ ಕೂತಿದ್ದರೂ ಮುಚ್ಚಳ ಆ ಜಾಗದಲ್ಲಿ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ. ಆದ್ದರಿಂದ ಮೊದಲು ಬಟ್ಟೆಯಿಂದ ಕಾಲುವೆಯನ್ನು ಒರೆಸಬೇಕು. ಬಳಿಕ ಮರದ ಸುತ್ತಿಗೆಯಿಂದ ಒಂದೇ ಕಡೆ ಬಡಿಯದೆ, ಎದುರುಬದುರಾಗಿ, ಸುತ್ತ ಹಗುರವಾಗಿ ತಟ್ಟುತ್ತ ಬರಬೇಕು. ಪೂರ್ತಿ ಕೂತಾಗ ತಟ್ಟುವ ಸದ್ದು ಬದಲಾಗುತ್ತದೆ. ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬರುತ್ತದೆ. ಕೇವಲ ಒತ್ತಿ ಕೂತ ಮುಚ್ಚಳವನ್ನು ನಿಯಮ ನಂಬುವುದಿಲ್ಲ, ಅದನ್ನು ಹಿಡಿದಿಡಲು ಇನ್ನೊಂದು ಕಟ್ಟು ಇರಲೇಬೇಕು, ಹಾಗಾಗಿ ಅಂಚಿಗೆ ಲೋಹದ ಕ್ಲಿಪ್ಪುಗಳನ್ನು ಹಾಕುತ್ತೇವೆ. ಆಮೇಲೆ ಡಬ್ಬಿಯನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿ ಕಾಯುತ್ತೇವೆ. ಕಾಗದದ ಮೇಲೆ ತೇವದ ಕಲೆ ಮೂಡಿದರೆ ಡಬ್ಬಿ ವಾಪಸು. ಈ ಬಿಳಿ ಕಾಗದದ ಉಪಾಯ ಯಾವ ಪುಸ್ತಕದ್ದೂ ಅಲ್ಲ, ಅಕ್ಕನದು. ದೊಡ್ಡ ಡ್ರಮ್ಮುಗಳ ಬಿರಡೆಗೆ ಹಳೆಯ ಪಾನಾ ಬಿಟ್ಟು, ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ಪಾನಾ ತರಿಸಿದೆವು. ಡ್ರಮ್ ತಯಾರಿಸಿದವರು ಕೊಟ್ಟ ಸೂಚನಾ ಪತ್ರದಲ್ಲಿ ಆ ಅಳತೆ ಮೊದಲಿನಿಂದಲೂ ಇತ್ತು, ಆದರೆ ಅದು ಖರೀದಿ ವಿಭಾಗದ ಫೈಲಿನಲ್ಲಿ ಇತ್ತು.

ರಸ್ತೆಯ ಪಾಠವನ್ನು ಚಾಲಕರ ಜತೆ ಬೇರೆಯಾಗಿ ಮಾಡಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೆಯ ನಿಯಮದ ಪ್ರಕಾರ ಇಂಥ ಸರಕು ಒಯ್ಯುವ ಚಾಲಕನಿಗೆ ಮೂರು ದಿನಗಳ ವಿಶೇಷ ತರಬೇತಿ ಆಗಿರಬೇಕು, ಅದು ಪರವಾನಗಿಯಲ್ಲಿ ನಮೂದಾಗಿರಬೇಕು. ಲಾರಿಯ ಮೇಲೆ ವಸ್ತುವಿನ ಹೆಸರು, ಯುಎನ್ ಸಂಖ್ಯೆ, ವರ್ಗದ ಚಿತ್ರ, ತುರ್ತು ದೂರವಾಣಿ ಇರುವ ಫಲಕ ಬೇಕು. ಪೆಟ್ರೋಲ್ ಟ್ಯಾಂಕರಿನ ಹಿಂದೆ 1203 ಎಂಬ ಸಂಖ್ಯೆಯನ್ನೂ 3ವೈಇ ಎಂಬ ಅಕ್ಷರಗಳನ್ನೂ ಎಲ್ಲರೂ ಕಂಡಿದ್ದಾರೆ. ಆ 3 ನೊರೆ ಬಳಸಿರಿ ಎಂದು ಅಗ್ನಿಶಾಮಕ ದಳಕ್ಕೆ ಹೇಳುತ್ತದೆ, ಕೊನೆಯ ಅಕ್ಷರ ಸುತ್ತಲಿನ ಜನರನ್ನು ದೂರ ಕಳುಹಿಸುವ ಬಗ್ಗೆ ಯೋಚಿಸಿರಿ ಎನ್ನುತ್ತದೆ. ಹದಿನೈದು ವರ್ಷ ಚೆನ್ನೈ ಬಂದರಿಗೆ ಲಾರಿ ಓಡಿಸಿದ ಚಾಲಕರೊಬ್ಬರಿಗೂ ಇದು ಹೊಸದಾಗಿತ್ತು. ನಾವು ಕೊಡುವ ಸುರಕ್ಷಾ ಸೂಚನೆಯ ಹಾಳೆಯನ್ನು ಅವರು ಚಲನ್‌ಗಳ ಜತೆ ಮಡಚಿ ಸೀಟಿನ ಕೆಳಗೆ ಇಡುತ್ತಿದ್ದರು. ಈಗ ಅದನ್ನು ಕನ್ನಡ ಮತ್ತು ತಮಿಳಿನಲ್ಲೂ ಮುದ್ರಿಸಿ, ಕ್ಯಾಬಿನ್ನಿನಲ್ಲಿ ಕೈಗೆ ಸಿಗುವ ಕಡೆ ತೂಗುಹಾಕುತ್ತೇವೆ. ಅಪಘಾತವಾಗಿ ಚಾಲಕನೇ ಮಾತಾಡಲಾಗದ ಸ್ಥಿತಿಯಲ್ಲಿದ್ದಾಗ ಆ ಹಾಳೆಯನ್ನು ಓದಬೇಕಾದವರು ದಾರಿಯಲ್ಲಿ ಓಡಿ ಬಂದ ಊರಿನವರು.

ಮೇ ತಿಂಗಳಲ್ಲಿ ಅಕ್ಕ ಮತ್ತು ಆ ಹುಡುಗ ಕೋರ್ಸಿಗೆ ಹೋದರು. ಹುಡುಗ ಮೊದಲ ಸಲಕ್ಕೇ ಪಾಸಾದ. ಅಕ್ಕನಿಗೆ 76 ಅಂಕ ಬಂತು, ನಾಲ್ಕು ಕಡಿಮೆ. ಆ ಸಂಜೆ ಅವರು ದೂರವಾಣಿಯಲ್ಲಿ ಹೆಚ್ಚು ಮಾತಾಡಲಿಲ್ಲ. ಮರುದಿನ ಉತ್ತರಗಳನ್ನು ಒಟ್ಟಿಗೆ ಕೂತು ನೋಡಿದಾಗ ತಿಳಿಯಿತು, ಪ್ಯಾಕಿಂಗ್ ಕುರಿತ ಒಂದು ಪ್ರಶ್ನೆಯೂ ತಪ್ಪಾಗಿರಲಿಲ್ಲ. ತಪ್ಪಿದ್ದೆಲ್ಲ ಇಂಗ್ಲಿಷಿನಲ್ಲಿ ‘ಇವುಗಳಲ್ಲಿ ಯಾವುದು ಸರಿಯಲ್ಲ’ ಎಂದು ತಿರುವಿ ಕೇಳಿದ ಪ್ರಶ್ನೆಗಳು. ಅವರು ಮತ್ತೊಮ್ಮೆ ಬರೆದು 88 ಅಂಕ ಪಡೆದರು. ಡಬ್ಬಿ ಕಟ್ಟುವ ಕೈಗಳ ಭಾಷೆಯಲ್ಲಿ ಈ ಪರೀಕ್ಷೆ ನಡೆಯಬೇಕೆಂಬ ನನ್ನ ಅಭಿಪ್ರಾಯ ಅಂದಿನಿಂದ ಗಟ್ಟಿಯಾಗಿದೆ. ಜೀವ ಉಳಿಸುವ ತಿಳಿವಳಿಕೆಗೆ ಭಾಷೆಯೊಂದು ಅಡ್ಡಗೋಡೆಯಾಗುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

2025ರ ಜೂನ್ 9ರಂದು ಕೇರಳದ ಕರಾವಳಿಯಾಚೆ ವಾನ್ ಹೈ 503 ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿದ್ದ 22 ಜನರಲ್ಲಿ 18 ಮಂದಿಯನ್ನು ಪಾರುಮಾಡಿ ಪಣಂಬೂರಿನ ನವ ಮಂಗಳೂರು ಬಂದರಿಗೆ ಕರೆತಂದರು, ನಾಲ್ವರು ಕಾಣೆಯಾಗಿದ್ದರು. ಆ ವಾರದ ಸಂಜೆಯ ಪಾಠದಲ್ಲಿ ಎಲ್ಲರೂ ಅದನ್ನೇ ಕೇಳಿದರು. ಕಾರಣ ಹುಡುಕುವುದು ತನಿಖೆ ಮಾಡುವವರ ಕೆಲಸ ಎಂದು ಹೇಳಿ, ನಾನು ನಮ್ಮ ಕೆಲಸದ ಕಡೆಗೆ ಮಾತು ತಂದೆ. ಕಂಟೇನರಿನ ಬಾಗಿಲು ಒಮ್ಮೆ ಮುಚ್ಚಿ ಸೀಲ್ ಬಿದ್ದರೆ ಹಡಗಿನವರಿಗೆ ಒಳಗಿರುವುದೇನೆಂದು ತಿಳಿಯುವುದು ನಾವು ಬರೆದುಕೊಟ್ಟದ್ದರಿಂದ ಮಾತ್ರ. ಸಮುದ್ರ ಮಾರ್ಗದ ಸರಕಿಗೂ ದಡದ ಮೇಲಿನ ಸಿಬ್ಬಂದಿಗೆ ತರಬೇತಿ ಕಡ್ಡಾಯವಾದದ್ದು 2010ರಿಂದ. ಅದಕ್ಕೂ ಬಹಳ ಮುಂಚಿನಿಂದ ನಮ್ಮ ಡ್ರಮ್ಮುಗಳು ಚೆನ್ನೈಯಿಂದ ಹಡಗು ಹತ್ತುತ್ತಿದ್ದವು ಎಂಬುದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಅದೇ ವರ್ಷ ಶ್ರಾವಣದ ಹೊತ್ತಿಗೆ ಇನ್ನೊಂದು ಘಟನೆ ನಡೆಯಿತು. ಖರೀದಿ ವಿಭಾಗದವರು ಪೆಟ್ಟಿಗೆ ಅಂಟಿಸುವ ಟೇಪನ್ನು ಬದಲಾಯಿಸಿದ್ದರು. ಹೊಸದು ನೋಡಲು ಹಳೆಯದರಂತೆಯೇ ಇತ್ತು, ಬೆಲೆ ಕಡಿಮೆ, ಅಗಲ ಬೆರಳಿನಷ್ಟು ಕಡಿಮೆ. ಅಕ್ಕ ಮೊದಲ ಸುರುಳಿ ಬಿಚ್ಚುತ್ತಲೇ ಕೆಲಸ ನಿಲ್ಲಿಸಿ, ಪೆಟ್ಟಿಗೆಯ ಪರೀಕ್ಷಾ ವರದಿಯ ಪ್ರತಿಯನ್ನು ಗೋಡೆಯಿಂದ ತೆಗೆದುಕೊಂಡು ಮೇಲಿನ ಮಹಡಿಗೆ ಹತ್ತಿ ಬಂದರು. ಯಾವ ಟೇಪಿನಿಂದ, ಯಾವ ಕ್ರಮದಲ್ಲಿ ಅಂಟಿಸಿ ಪರೀಕ್ಷಿಸಿದರೋ ಅದೇ ರೀತಿ ಅಂಟಿಸಿದರೆ ಮಾತ್ರ ಆ ಗುರುತು ಸತ್ಯ ಎಂಬುದನ್ನು ಅವರು ವ್ಯವಸ್ಥಾಪಕರಿಗೆ ಹೇಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಹಾಕುವ ಅಗತ್ಯ ಬೀಳಲಿಲ್ಲ. ಅಂದು ಹೋಗಬೇಕಿದ್ದ ಒಂಬತ್ತು ಪೆಟ್ಟಿಗೆಗಳು ಉಳಿದವು, ಗ್ರಾಹಕರಿಗೆ ಎರಡು ದಿನ ತಡವಾಗುತ್ತದೆಂದು ಪತ್ರ ಬರೆದೆವು. ಗುರುವಾರ ಸಂಜೆ ಹಳೆಯ ಟೇಪು ಬಂತು. ಶುಕ್ರವಾರ ಬೆಳಿಗ್ಗೆ ನಾನು ಕೆಳಗಿಳಿದು ಒಂಬತ್ತನ್ನೂ ತೂಗಿ ನೋಡಿದೆ. ಒಂದೊಂದೂ 14.4 ಕಿಲೋ ಇತ್ತು. ಪೆಟ್ಟಿಗೆಗಳ ಪಕ್ಕದಲ್ಲೇ ನಿಂತು ಘೋಷಣಾ ಪತ್ರಕ್ಕೆ ಸಹಿ ಹಾಕಿ, ಪತ್ರವನ್ನು ಚಾಲಕರ ಕೈಗೆ ಕೊಟ್ಟೆ.